ಹೊನ್ನವ್ವನ ಖರೇ ವಯಸ್ಸು

ಬ್ಯಾಡಗಿ
ಶುಕ್ರವಾರ, ೨೩ ಜನವರಿ ೨೦೨೬

ಪ್ರೀತಿಯ ಅಮ್ಮಾ,

ಅಸ್ಸಲಾಮು ಅಲೈಕುಂ. ಅತ್ತೆಯವರಿಗೆ ಎಂದು ಬರೆದರೆ ಯಾರಿಗೋ ಬರೆದ ಹಾಗಾಗುತ್ತದೆ, ಅದಕ್ಕೇ ಬಾಯಲ್ಲಿ ಕರೆಯುವಂತೆಯೇ ಬರೆದಿದ್ದೇನೆ. ಹೇಗಿದ್ದೀರಿ? ಮೊದಲು ಕೆಮ್ಮಿನ ಸಮಾಚಾರ ತಿಳಿಸಿ. ಗಂಗಾವತಿಯ ಹವಾ ಒಗ್ಗಿತೇ? ನಿದ್ದೆಯಲ್ಲಿ ಎದ್ದು ಕೂರುವುದು ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದರೆ ನೀವು "ಆರಾಮ ಅದೀನವಾ" ಎನ್ನುತ್ತೀರಿ, ಆ ಮಾತು ಮುಗಿಯುವಷ್ಟರಲ್ಲಿ ಎರಡು ಸಲ ಕೆಮ್ಮಿರುತ್ತೀರಿ. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ಅಲ್ಮಾಸ ಬರೆಯಲಿ, ನೀವು ಹೇಳಿದ್ದನ್ನಲ್ಲ, ತಾನು ಕೇಳಿಸಿಕೊಂಡದ್ದನ್ನು. ನಿಮ್ಮ ಬಾಣಂತಿ ಮಗಳು ತಾನೂ ಹೊಟ್ಟೆತುಂಬ ಉಣ್ಣುತ್ತಿದ್ದಾಳೆಯೇ? ಕೂಸಿನ ಮೂಗು ನಮ್ಮ ಕಡೆಯದೋ ಅವರ ಕಡೆಯದೋ ಎಂಬ ವಾದ ಮುಗಿಯಿತೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಮಗ ನೀವಿಲ್ಲದ ಮೇಲೆ ಅಡುಗೆ ಕಲಿಯುತ್ತೇನೆಂದು ಹೊರಟು ಎರಡು ಪಾತ್ರೆ ಹೊತ್ತಿಸಿದ್ದಾರೆ. ದೊಡ್ಡದನ್ನು ಬೂದಿ ಹಾಕಿ ತಿಕ್ಕಿದ್ದೇನೆ, ಚಿಕ್ಕದು ಹೋಯಿತು ಎಂದೇ ತಿಳಿದುಕೊಳ್ಳಿ.

ಇಷ್ಟಕ್ಕೆ ಪತ್ರವೇಕೆ, ಫೋನ್ ಮಾಡಬಾರದೇ ಎನ್ನುತ್ತೀರಿ. ಫೋನಿನಲ್ಲಿ ಅರ್ಧ ಹೊತ್ತು ನಿಮ್ಮ ಹಲೋ ಹಲೋದಲ್ಲಿ ಹೋಗುತ್ತದೆ, ಉಳಿದದ್ದು ಕೂಸಿನ ಅಳುವಿನಲ್ಲಿ. ಅಲ್ಲದೆ ಈ ಸುದ್ದಿ ನಿಮ್ಮೊಬ್ಬರ ಕಿವಿಗೆ ಬಿದ್ದರೆ ನನಗೆ ಸಾಲದು. ನಾವು ಗೆದ್ದಿದ್ದೇವೆ ಅಮ್ಮಾ, ಸುಮ್ಮನೆ ಅಲ್ಲ, ಜಗ್ಗಾಡಿ ಗೆದ್ದಿದ್ದೇವೆ. ಅಲ್ಮಾಸ, ನೀನು ಇದನ್ನು ಪಡಸಾಲೆಯಲ್ಲಿ ಕೂತು, ನಿನ್ನ ಅತ್ತೆ ಮಾವ ಇಬ್ಬರೂ ಇರುವಾಗ, ಗಟ್ಟಿಯಾಗಿ ಓದು. ನಡುವೆ ನಿಲ್ಲಿಸಿ ಚಹಾ ಮಾಡಲು ಎದ್ದು ಹೋಗಬೇಡ.

ಬೀಗಿತ್ತಿ ನನ್ನ ಕೆಲಸ ಏನೆಂದು ಕೇಳಿದಾಗ ನೀವು "ಪುರಸಭೇದಾಗ ಕ್ಲರ್ಕ್ ಅದಾಳ" ಎಂದಿರಂತೆ. ನಾನು ಕ್ಲರ್ಕ್ ಅಲ್ಲ ಅಮ್ಮಾ, ಎಷ್ಟು ಸಲ ಹೇಳಲಿ! ಬಿಸಿಲಿನಿಂದ ಕರೆಂಟು ಮಾಡುವ ಪ್ಯಾನೆಲ್ಲುಗಳು ಈಗ ಎಲ್ಲ ಕಡೆ ಬರುತ್ತಿವೆ, ಮನೆಯ ಮಾಳಿಗೆಗೆ, ಹೊಲದ ಪಂಪ್‌ಸೆಟ್ಟಿಗೆ, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿಗೆ. ಅವನ್ನು ಕೂರಿಸಲು, ಕೆಟ್ಟರೆ ರಿಪೇರಿ ಮಾಡಲು ಜನ ಬೇಕು. ಆ ಕೆಲಸ ಕಲಿಸಲು ಪುರಸಭೆ, ಪಂಚಾಯಿತಿಗಳು ತರಗತಿ ತೆರೆಯುತ್ತವೆ. ಅವು ಹೇಗೆ ನಡೆಯಬೇಕು, ಯಾವ ಓಣಿಯ ಯಾರಿಗೆ ಸೀಟು ಸಿಗಬೇಕು, ಉಳ್ಳವರ ಮಕ್ಕಳೇ ಎಲ್ಲವನ್ನೂ ಬಾಚಿಕೊಳ್ಳದ ಹಾಗೆ ಏನು ಮಾಡಬೇಕು ಎಂದು ಅವರ ಜೊತೆ ಕೂತು ಯೋಜನೆ ಹಾಕಿಕೊಡುವುದು ಹಾವೇರಿಯ ನಮ್ಮ ಸಂಸ್ಥೆಯ ಕೆಲಸ. ಅದರಲ್ಲಿ ಬ್ಯಾಡಗಿ ನನ್ನ ಪಾಲಿಗೆ ಬಂದಿದೆ. ಇಷ್ಟು ಹೇಳಿದರೆ ಬೀಗಿತ್ತಿಗೆ ಅರ್ಥವಾಗುತ್ತದೆ.

ದೀಪಾವಳಿ ಹೊತ್ತಿಗೆ ಇಲ್ಲಿ ಹೆಣ್ಣುಮಕ್ಕಳ ಬ್ಯಾಚಿಗೆ ಹೆಸರು ಬರೆದುಕೊಂಡಾಗ ಎಲ್ಲರಿಗಿಂತ ಮೊದಲು ಬಂದವರು ನೀವು. ಮೆಣಸಿನಕಾಯಿ ತೊಟ್ಟು ಬಿಡಿಸುವ ನಿಮ್ಮ ಗುಂಪಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದಿರಿ. ಘಾಟಿನಿಂದ ದೂರ ಇರದಿದ್ದರೆ ಎದೆ ಇನ್ನೂ ಕೆಡುತ್ತದೆ ಎಂದು ಡಾಕ್ಟರು ಹೇಳಿ ಆಗಲೇ ಎರಡು ಸುಗ್ಗಿ ಕಳೆದಿದ್ದವು. ಆದರೆ ತರಬೇತಿ ಸಮಿತಿಯ ನಿಯಮದಲ್ಲಿ ಮೂವತ್ತೈದು ವರ್ಷದ ಒಳಗಿನವರು ಎಂದಿತ್ತು. ನಿಮಗೆ ನಲವತ್ತೆಂಟು. ನಿಮ್ಮ ಪಕ್ಕದಲ್ಲೇ ನಿಂತಿದ್ದ ಹೊನ್ನವ್ವನಿಗೆ ನಲವತ್ತೊಂಬತ್ತು. ಆದರೆ ಕಾರ್ಡು ಮಾಡಿಸುವ ದಿನ ಆಕೆಯ ಗಂಡ ಬಾಯಿಗೆ ಬಂದ ಇಸವಿ ಹೇಳಿ ಬರೆಸಿದ್ದರಿಂದ ಕಾರ್ಡಿನಲ್ಲಿ ಆಕೆಗೆ ಮೂವತ್ತನಾಲ್ಕು. ಆ ಲೆಕ್ಕದಲ್ಲಿ ಆಕೆಗೂ ಆಕೆಯ ಹಿರಿಮಗಳಿಗೂ ಎಂಟೇ ವರ್ಷದ ಅಂತರ, ಯಾರೂ ಕೇಳಲಿಲ್ಲ. ಆಕೆಗೆ ಸೀಟು ಸಿಕ್ಕಿತು. ನಿಮ್ಮ ಕಾರ್ಡು ಖರೇ ಹೇಳಿತು, ನಿಮ್ಮನ್ನು ವಾಪಸು ಕಳಿಸಿದರು. ಮೇಜಿನ ಈಚೆ ಕೂತಿದ್ದ ನಾನು ಬಾಯಿ ಬಿಟ್ಟಿದ್ದರೆ ಅತ್ತೆಗೆ ಸೀಟು ಕೊಡಿಸಲು ಹೊರಟಳು ಎನ್ನುತ್ತಿದ್ದರು. ನೀವು ಮೆಟ್ಟಿಲಿಳಿಯುತ್ತ "ಹೋಗ್ಲಿ ಬಿಡವಾ, ನನ್ನಂಥಾಕಿಗೆ ಎಲ್ಲಿ ಜಾಗಾ ಕೊಡ್ತಾರ" ಎಂದು ನಕ್ಕುಬಿಟ್ಟಿರಿ. ಅಳಬೇಕಿತ್ತು ನೀವು, ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನಿಮ್ಮಂಥವರಿಗೆ ಆ ತರಗತಿಯಲ್ಲಿ ಜಾಗ ಮಾಡಿಸದೆ ಬಿಡುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಡಿಸೆಂಬರಿನಲ್ಲಿ ಅಲ್ಮಾಸಳ ಬಾಣಂತನಕ್ಕೆ ನಿಮ್ಮನ್ನು ಗಂಗಾವತಿಗೆ ಬಿಟ್ಟು ಬರುವಷ್ಟರಲ್ಲಿ ಇಲ್ಲಿ ಬೇರೆಯೇ ಆಗಿತ್ತು. ನಮ್ಮ ಹಾವೇರಿ ಕಚೇರಿಯ ಮುಖ್ಯಸ್ಥರು ವಿಜಯಮಹಾಂತೇಶ ಸರ್ ರಾಣೆಬೆನ್ನೂರಿನ ತರಗತಿಯ ವೇಳಾಪಟ್ಟಿಯನ್ನೇ ಬ್ಯಾಡಗಿಗೂ ಅಂಟಿಸಿದ್ದರು. ಸೋಮವಾರ ಮತ್ತು ಗುರುವಾರ! ಇಲ್ಲಿ ಸೋಮವಾರ, ಗುರುವಾರ ಎಂದರೆ ಮೆಣಸಿನಕಾಯಿ ಪೇಟೆ, ಆ ದಿನ ತೊಟ್ಟು ಬಿಡಿಸುವ ಅಂಗಳಕ್ಕೆ ಹೋಗದ ಹೆಂಗಸಿನ ಮನೆಯಲ್ಲಿ ವಾರಪೂರ್ತಿ ತಾಪತ್ರಯ ಎಂಬುದು ಬ್ಯಾಡಗಿಯ ಮಕ್ಕಳಿಗೂ ಗೊತ್ತು. ಹಾವೇರಿ ಎಷ್ಟು ದೂರ ಇದೆ ಹೇಳಿ? ಆದರೂ ಗೊತ್ತಿರಲಿಲ್ಲ. ನಾನು ಬಂದು ನೋಡಿದರೆ ಪಾಠ ಹೇಳಲು ಹಲಗೇರಿಯಿಂದ ಬರುವ ಸಿದ್ದಲಿಂಗೇಶ ಮಾಸ್ತರರು ಖಾಲಿ ಬೆಂಚುಗಳ ಮುಂದೆ ಇಬ್ಬರು ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಸಮಿತಿಯ ಸದಸ್ಯ ಉಡಚಪ್ಪನವರು ಬಾಗಿಲಲ್ಲಿ ನಿಂತು, "ನಾ ಮೊದಲ ಹೇಳಿದ್ದೆ ನೋಡ್ರಿ, ಹೆಣ್ಮಕ್ಕಳಿಗೆ ಇದರಾಗ ಮನಸ್ಸಿಲ್ಲ. ಸೀಟು ಹುಡುಗರಿಗೆ ಕೊಟ್ಟು ಮುಗಸ್ರಿ" ಎಂದರು. ಅವರು ಕೆಟ್ಟವರೇನಲ್ಲ, ಆದರೆ ಒಮ್ಮೆ ಹೇಳಿದ ಮಾತಿನ ಮೇಲೆ ಕೂತುಬಿಡುತ್ತಾರೆ.

ನಾನು ಜಗಳವಾಡಲಿಲ್ಲ, ನಂಬಿ. ಮುಂದಿನ ಸೋಮವಾರ ವಿಜಯಮಹಾಂತೇಶ ಸರ್‌ರನ್ನು ಹಾವೇರಿಯಿಂದ ಕರೆಸಿ ನೇರವಾಗಿ ಅಂಗಳಕ್ಕೆ ಕರೆದುಕೊಂಡು ಹೋದೆ. ಅವರು ಮೂಗಿಗೆ ಕರವಸ್ತ್ರ ಹಿಡಿದು, ಸೀನುತ್ತ ನಿಂತರು. ಅವರ ಕೈಯಲ್ಲಿದ್ದ ಹಾಜರಿಯಲ್ಲಿ ಗೈರು ಎಂದು ಬರೆದಿದ್ದ ಅಷ್ಟೂ ಹೆಂಗಸರು ಕೆಂಪು ರಾಶಿಗಳ ಮುಂದೆ ಸಾಲಾಗಿ ಕೂತಿದ್ದರು. ಹೊನ್ನವ್ವ ತಲೆ ಎತ್ತದೆ, ಕೈ ನಿಲ್ಲಿಸದೆ, "ಬರ್ರಿ ಸರ, ಕುಂದ್ರಿ. ನಾವು ಕ್ಲಾಸಿಗೆ ಬರಲಿಲ್ಲಂತ ಕ್ಲಾಸ ನಮ್ಮ ಕಡೆ ಬಂತೇನು?" ಎಂದಳು. ಸರ್ ನಕ್ಕರು, ಮತ್ತೆ ಸೀನಿದರು. ಅಲ್ಲೇ ನಿಂತು ಮಂಗಳವಾರ, ಬುಧವಾರ, ಶನಿವಾರ ಎಂದು ತಮ್ಮ ಕೈಯಾರೆ ತಿದ್ದಿದರು. ಆ ಮಂಗಳವಾರ ಬೆಂಚು ಸಾಲದೆ ಚಾಪೆ ಹಾಸಿದೆವು.

ಅಲ್ಲಿಂದ ಒಂದು ತಿಂಗಳು ನೀವು ಇಲ್ಲಿರಬೇಕಿತ್ತು. ತರಗತಿಯ ಪಕ್ಕದ ಅಂಗನವಾಡಿಯ ಮಾಳಿಗೆಯೇ ನಮ್ಮ ಕಲಿಕೆಯ ಜಾಗ, ಸಣ್ಣ ಮಕ್ಕಳಿರುವವರು ಕೂಸನ್ನು ಕೆಳಗೆ ಬಿಟ್ಟು ಮೇಲೆ ಹತ್ತುವುದು. ಹೊನ್ನವ್ವ ಸೀರೆಯನ್ನು ಕಚ್ಚೆ ಹಾಕಿ, ಮೇಲೆ ಮಗನ ಅಂಗಿ ತೊಟ್ಟು ಏಣಿ ಹತ್ತುತ್ತಿದ್ದಳು. ಮೊದಮೊದಲು ಸ್ಪ್ಯಾನರ್ ಎಂದರೆ ನಗು, ಮೀಟರ್ ಎಂದರೆ ಹೆದರಿಕೆ. ಆಮೇಲೆ ಬೆಸುಗೆ ಯಾವುದು ಗಟ್ಟಿ, ಯಾವುದು ಸಡಿಲ ಎಂದು ಅವರವರಲ್ಲೇ ವಾದ ಶುರುವಾಯಿತು. ಮಾಸ್ತರರು "ಒಬ್ಬೊಬ್ಬರ ಮಾತಾಡ್ರಿ ತಾಯಿ" ಎಂದು ಕೈ ಮುಗಿಯುವ ಮಟ್ಟಕ್ಕೆ ಬಂತು. ಅಂಗನವಾಡಿಗೇ ಪ್ಯಾನೆಲ್ಲು ಕೂರಿಸಿ ಕೊಡುವುದು ಬ್ಯಾಚಿನ ಕೊನೆಯ ಪರೀಕ್ಷೆ ಎಂದು ಗೊತ್ತಾದ ಮೇಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ.

ಆ ಪರೀಕ್ಷೆ ಹೋದ ಶನಿವಾರ ಇತ್ತು. ಈಗ ಸ್ವಲ್ಪ ಗಟ್ಟಿ ಕೂತುಕೊಳ್ಳಿ. ಹೊನ್ನವ್ವ ಮತ್ತು ಇನ್ನು ಕೆಲವರು ಬೆಳಗ್ಗೆ ಅಂಗಳದಲ್ಲಿ ಒಂದೆರಡು ಚೀಲದ ಕೆಲಸ ಮುಗಿಸಿಯೇ ಬಂದಿದ್ದರು. ಕೈ ತೊಳೆದಿದ್ದರು, ಆದರೆ ಆ ಖಾರ ಎರಡು ದಿನ ಹೋಗುವುದಿಲ್ಲ ಎಂಬುದು ನಿಮಗೆ ಹೇಳಬೇಕೇ? ಮಕ್ಕಳ ಮುಖ ತೊಳೆಸುವುದನ್ನೂ ಸುಗ್ಗಿಯಲ್ಲಿ ನೀವು ಬೇರೆಯವರಿಗೆ ಬಿಡುತ್ತೀರಿ. ನಮ್ಮಲ್ಲಿದ್ದದ್ದು ಇಡೀ ಬ್ಯಾಚಿಗೆ ಎರಡೇ ಜೊತೆ ರಬ್ಬರ್ ಕೈಗವಸು. ಒಬ್ಬರು ಕಳಚಿದ್ದನ್ನು ಮತ್ತೊಬ್ಬರು ಹಾಕಿಕೊಳ್ಳಬೇಕು. ಹೊನ್ನವ್ವ ಕಳಚಿದ ಕೈಗವಸನ್ನು ಮಾಸ್ತರರು ತೊಟ್ಟರು, ಮಧ್ಯಾಹ್ನದ ಬಿಸಿಲಲ್ಲಿ ಅದರೊಳಗೆ ಬೆವರಿದರು, ಕಳಚಿ ಎಸೆದು ಬರಿಗೈಯಲ್ಲಿ ಕಣ್ಣೊರೆಸಿಕೊಂಡರು. "ಅಯ್ಯಯ್ಯೋ, ಕಣ್ಣು ಹೋದವಲೇ!" ಎಂದು ಕೂಗಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ಏನಾಯಿತೆಂದು ಹೆಂಗಸರಿಗೆಲ್ಲ ಒಂದೇ ಕ್ಷಣದಲ್ಲಿ ತಿಳಿಯಿತು. ಇಬ್ಬರು ಅವರನ್ನು ಹಿಡಿದು ಮೆಲ್ಲನೆ ಏಣಿ ಇಳಿಸಿದರು, ನಿಮ್ಮ ಮಗ ಆಟೋ ತಂದು ಆಸ್ಪತ್ರೆಗೆ ಕರೆದೊಯ್ದರು.

ಮಾಸ್ತರರು ಕಣ್ಣು ತೊಳೆಸಿಕೊಂಡು, ಎರಡೂ ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿಸಿಕೊಂಡು ವಾಪಸು ಬಂದರು. ಹಲಗೇರಿಗೆ ಹೋಗಿ ಮಲಗಿರಿ ಎಂದರೆ ಕೇಳಲಿಲ್ಲ. "ಪರೀಕ್ಷಾ ಇವತ್ತ ಐತಿ, ನಿಮ್ಮದು, ನಂದಲ್ಲ. ಮಾಡ್ರಿ, ನಾ ಕೇಳ್ತೇನಿ" ಎಂದು ಅಂಗನವಾಡಿಯೊಳಗೆ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತರು. ಉಳಿದದ್ದು ಕೊನೆಯ ಜೋಡಣೆ ಅಷ್ಟೆ. ಒಂದೊಂದು ಹೆಜ್ಜೆಗೂ ಮುಂಚೆ ಏನು ಮಾಡುತ್ತೀರಿ ಎಂದು ಅವರು ಕೆಳಗಿನಿಂದ ಕೇಳುವುದು, ಹೊನ್ನವ್ವ ಮೇಲಿನಿಂದ ಹೇಳುವುದು, ಅವರು ಹೂಂ ಎಂದ ಮೇಲೆಯೇ ಕೈ ಹಚ್ಚುವುದು. ಮೀಟರಿನ ಅಂಕಿಯನ್ನು ಹೊನ್ನವ್ವ ಎರಡೆರಡು ಸಲ ಓದಿ ಹೇಳಿದಳು. ಕೊನೆಗೆ ಸ್ವಿಚ್ಚು ಒತ್ತಿದರು. ನಮಗೆಲ್ಲ ಕಾಣುವ ಮೊದಲೇ ಪಟ್ಟಿ ಕಟ್ಟಿಕೊಂಡಿದ್ದ ಮಾಸ್ತರರಿಗೆ ಕೇಳಿಸಿತು. ಅವರು ಮುಖ ಮೇಲೆ ಎತ್ತಿ, "ಫ್ಯಾನ್ ತಿರಗಾಕತ್ತೇತಿ!" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು, ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ನಾನು ಗೋಡೆಗೆ ಮುಖ ಮಾಡಿ ಅತ್ತೆ. ನಗಬೇಡ ಅಲ್ಮಾಸ, ನೀನಿದ್ದರೂ ಅಳುತ್ತಿದ್ದೆ.

ಆದರೆ ಸಂಜೆಯೊಳಗೆ ಹಾವೇರಿಗೆ ಮುಟ್ಟಿದ ಸುದ್ದಿ ಫ್ಯಾನಿನದಲ್ಲ. ಬ್ಯಾಡಗಿಯ ಹೆಂಗಸರು ಮಾಸ್ತರರ ಕಣ್ಣಿಗೆ ಖಾರದಪುಡಿ ಎರಚಿದರಂತೆ! ಭಾನುವಾರ ಅದಕ್ಕೆ ಕೈಕಾಲು ಬೆಳೆದು, ಅಂಕ ಕಡಿಮೆ ಕೊಟ್ಟದ್ದಕ್ಕೆ ಎರಚಿದರು ಎಂದಾಯಿತು. ಸೋಮವಾರ ಉಡಚಪ್ಪನವರು ಫೋನ್ ಮಾಡಿ, "ಬುಧವಾರ ಸಮಿತಿ ಕೂಡತೈತಿ, ಹೆಣ್ಮಕ್ಕಳ ಬ್ಯಾಚ್ ಬಂದ್ ಮಾಡೂದು ಅಷ್ಟ ಬಾಕಿ" ಎಂದರು. ವಯಸ್ಸಿನ ನಿಯಮ ತೆಗೆಸಬೇಕೆಂದು ಅದೇ ಸಭೆಗಾಗಿ ಕಾದಿದ್ದೆ. ಈಗ ಇದ್ದದ್ದೂ ಹೋಗುವ ಹಾಗಾಗಿತ್ತು.

ಬುಧವಾರ ಹೊನ್ನವ್ವನನ್ನು ಕರೆದುಕೊಂಡು ಹಾವೇರಿಗೆ ಹೋದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರಿನವರು, ಸುತ್ತಲಿನ ಪಂಚಾಯಿತಿಯವರು ಉದ್ದ ಮೇಜಿನ ಸುತ್ತ ಕೂತಿದ್ದರು. ಸಿದ್ದಲಿಂಗೇಶ ಮಾಸ್ತರರೂ ಬಂದಿದ್ದರು, ಕಣ್ಣು ಇನ್ನೂ ಕೆಂಪಗಿತ್ತು. ಎಲ್ಲರೂ ಅವರ ದೂರು ಕೇಳಲು ತಯಾರಾಗಿದ್ದರು. ಅವರು ಎದ್ದು, "ಖಾರ ಯಾರೂ ಉಗ್ಗಿಲ್ರಿ. ಹೊನ್ನವ್ವ ಕಳದಿದ್ದ ಗ್ಲೌಸ್ ನಾನ ಹಾಕ್ಕೊಂಡೆ, ನಾನ ಕಣ್ಣ ತಿಕ್ಕೊಂಡೆ. ಇಡೀ ಬ್ಯಾಚಿಗೆ ಎರಡು ಜೋಡಿ ಗ್ಲೌಸ್ ಕೊಟ್ಟವರು ನೀವು. ಬಂದ್ ಮಾಡೂದಿದ್ರ ಆ ಲೆಕ್ಕಾಚಾರ ಬಂದ್ ಮಾಡ್ರಿ" ಎಂದು ಕೂತರು. ವಿಜಯಮಹಾಂತೇಶ ಸರ್ ನೆಲ ನೋಡುತ್ತ ನಕ್ಕರು. ನಾನು ಅದೇ ಸಂದಿನಲ್ಲಿ ಎದ್ದು ವಯಸ್ಸಿನ ಮಾತು ತೆಗೆದೆ. ಉಡಚಪ್ಪನವರು ಬಿಡಲಿಲ್ಲ. "ಮೂವತ್ತೈದು ದಾಟಿದವರಿಗೆ ಏಣಿ ಹತ್ತಾಕ ಆಕ್ಕೇತೇನವಾ? ಬಿದ್ದು ಕಾಲು ಮುರಕೊಂಡ್ರ ಯಾರು ಜವಾಬ್ದಾರಿ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು, ಮೇಜು ಗುದ್ದಿದೆ, ಯಾರದೋ ನೀರಿನ ಲೋಟ ಉರುಳಿತು. ಆ ನೀರನ್ನು ಒರೆಸತೊಡಗಿದೆ.

ಆಗ ಹಿಂದಿನ ಕುರ್ಚಿಯಿಂದ ಹೊನ್ನವ್ವ ಎದ್ದಳು. ಆಕೆ ಎದ್ದದ್ದು ನಾನು ಹೇಳಿಕೊಟ್ಟದ್ದರಿಂದಲ್ಲ, ಆಣೆ ಮಾಡಿ ಹೇಳುತ್ತೇನೆ. ಸೆರಗು ಸರಿಮಾಡಿಕೊಂಡು, "ಸಾಹೇಬ್ರ, ನನಗ ನಲವತ್ತೊಂಬತ್ತು. ಕಾರ್ಡು ಸುಳ್ಳ ಹೇಳ್ತೈತಿ" ಎಂದಳು. ಪರೀಕ್ಷೆಯಲ್ಲಿ ಬ್ಯಾಚಿಗೇ ಮೊದಲು ಬಂದಿದ್ದಳು ಅಮ್ಮಾ, ಪ್ರಮಾಣಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಆ ಒಂದು ಮಾತಿನಿಂದ ಅದು ಹೋದರೂ ಹೋಗಬಹುದಿತ್ತು. ಆಕೆ ನಿಲ್ಲಿಸಲಿಲ್ಲ, ನಿಮ್ಮ ಹೆಸರನ್ನೂ ತೆಗೆದಳು. "ಇಷ್ಟು ವರ್ಷ ಚೀಲದ ನಿಟ್ಟು ಹತ್ತಿ ಇಳದೇನ್ರಿ, ಏಣಿಗೆ ಮೆಟ್ಟಲರ ಅದಾವ. ನನಗಿಂತ ಒಂದು ವರ್ಷ ಸಣ್ಣಾಕಿ, ನಮ್ಮ ಮಹಮೂದಾ, ಖರೇ ಕಾರ್ಡು ಇಟ್ಕೊಂಡು ಹೊರಗ ಕುಂತಾಳ. ನಾ ಒಳಗ ಹೆಂಗ ಕುಂದರಲಿ? ನನ್ನ ತೆಗಿತೀರೇನು? ತೆಗೀರಿ. ಆದ್ರ ಮೊದಲ ಬ್ಯಾಡಗಿಗೆ ಹೋಗಿ ನಾ ಹಚ್ಚಿದ ಫ್ಯಾನ್ ಆರಿಸಿ ಬರ್ರಿ, ಆಮ್ಯಾಲೆ ನನ್ನ ಹೆಸರ ಹೊಡೀರಿ" ಎಂದಳು.

ಅಷ್ಟೇ. ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಉಡಚಪ್ಪನವರ ಕಡೆ ನೋಡಿ, ತಮಗೆ ಐವತ್ತೊಂದು, ಮೊನ್ನೆ ಮನೆಯ ನೀರಿನ ಟಾಕಿ ನೋಡಲು ತಾವೇ ಏಣಿ ಹತ್ತಿದ್ದೆವು ಎಂದರು. ಉಡಚಪ್ಪನವರು ತಲೆ ಕೆರೆದುಕೊಂಡು, "ಹಂಗಾದ್ರ ಆಗ್ಲಿ ಬಿಡ್ರಿ, ನಮ್ಮಾಕಿನೂ ಕೇಳಾಕತ್ತಿದ್ಲು" ಎಂದಾಗ ಎಲ್ಲರೂ ನಕ್ಕರು. ವಯಸ್ಸಿನ ಮಿತಿ ಹೋಯಿತು ಅಮ್ಮಾ, ಬ್ಯಾಡಗಿಗೆ ಮಾತ್ರವಲ್ಲ, ಹಾವೇರಿಗೆ, ರಾಣೆಬೆನ್ನೂರಿಗೆ, ಎಲ್ಲ ಕಡೆಗೆ! ಏಣಿ ಹತ್ತಬಲ್ಲಿರಾ ಎಂದು ನೋಡುತ್ತಾರೆ, ಹುಟ್ಟಿದ ಇಸವಿ ಕೇಳುವುದಿಲ್ಲ. ಏಣಿ ಬೇಡದವರಿಗೆ ಕೆಳಗೆ ಕೂತು ಮಾಡುವ ಜೋಡಣೆ, ರಿಪೇರಿ ಕೆಲಸ. ಒಬ್ಬೊಬ್ಬರಿಗೂ ಸ್ವಂತ ಕೈಗವಸು, ತರಗತಿಯ ದಿನಕ್ಕೆ ತಪ್ಪಿದ ಕೂಲಿಯ ಭತ್ಯೆ. ಕುಪ್ಪೇಲೂರಿನ ಪಂಚಾಯಿತಿ ಸದಸ್ಯೆ ಎದ್ದು, "ನಮ್ಮಲ್ಲಿ ಹತ್ತಿ ಬೀಜಕ್ಕ ಹೂವಿನ ಕ್ರಾಸಿಂಗ್ ಕೆಲಸ ಇದ್ದಾಗ ಹೆಣ್ಮಕ್ಕಳು ಹೊಲ ಬಿಟ್ಟು ಬರೂದಿಲ್ರಿ, ಅದನ್ನೂ ಬರಕೋರಿ" ಎಂದರು. ಅಲ್ಲಿಗೆ ಇನ್ನು ಮೇಲೆ ಯಾವ ಊರಿನಲ್ಲೂ ಮೊದಲು ಅಲ್ಲಿಯ ಪೇಟೆ, ಸುಗ್ಗಿ, ಹಬ್ಬ ಕೇಳಿಕೊಂಡು ಆಮೇಲೆ ತರಗತಿ ಎಂದು ಠರಾವು ಬರೆದರು. ರಮಜಾನಿನಲ್ಲಿ ಮಾಳಿಗೆ ಹತ್ತಿಸುವುದಿಲ್ಲ, ಮಧ್ಯಾಹ್ನದೊಳಗೆ ಪಾಠ ಮುಗಿಯುತ್ತದೆ. ಹೊನ್ನವ್ವನ ಪ್ರಮಾಣಪತ್ರವನ್ನು ಖರೇ ವಯಸ್ಸಿನೊಂದಿಗೇ ಕೊಡುತ್ತಾರೆ, ಕಾರ್ಡು ತಿದ್ದಿಸಿಕೊಂಡು ಬಾ ಎಂದಿದ್ದಾರೆ. ಬಸ್ಸಿನಲ್ಲಿ ಆಕೆ ಮಿರ್ಚಿ ಭಜಿ ತಿನ್ನುತ್ತ, ಒಂದೇ ದಿನದಲ್ಲಿ ಹದಿನೈದು ವರ್ಷ ಮುದುಕಿಯಾದೆ ಎಂದು ನಕ್ಕಿದ್ದೇ ನಕ್ಕಿದ್ದು. ಕಂಡಕ್ಟರ್ ತಿರುಗಿ ತಿರುಗಿ ನೋಡಿದ.

ಕೂಸಿಗೆ ನನ್ನ ಮುತ್ತು, ಅಲ್ಮಾಸಳಿಗೆ ಪ್ರೀತಿ, ಬೀಗರಿಬ್ಬರಿಗೂ ಸಲಾಂ. ನಿಮ್ಮ ಮಗ ಇಲ್ಲೇ ಕೂತು, ಪಾತ್ರೆಯ ಸುದ್ದಿ ಹೊಡೆದುಹಾಕು ಎನ್ನುತ್ತಿದ್ದಾರೆ, ಹಾಕುವುದಿಲ್ಲ. ಅಲ್ಲಾಹನು ನಿಮ್ಮ ಎದೆಗೆ ಬಲ ಕೊಡಲಿ. ನಮಾಜಿನ ನಂತರ ನಮ್ಮ ಬ್ಯಾಚಿನ ಹೆಂಗಸರಿಗಾಗಿಯೂ ಕೈ ಎತ್ತಿ ದುವಾ ಮಾಡಿ.

ನಿಮ್ಮ ಮುಂಗೋಪಿ ಸೊಸೆ,
ನಸ್ರೀನ್

ತಾ.ಕ.: ಅಲ್ಮಾಸ, ಇದನ್ನು ಮೆಲ್ಲಗೆ ಓದು, ಅಮ್ಮನಿಗೊಬ್ಬರಿಗೇ. ಅಮ್ಮಾ, ಕೂಸಿನ ನಲವತ್ತು ಮುಗಿದ ಮರುದಿನವೇ ಬಂದು ಸುಗ್ಗಿಗೆ ಕೂರುತ್ತೇನೆ ಎಂದು ನೀವು ಹೊನ್ನವ್ವನಿಗೆ ಫೋನ್ ಮಾಡಿದ್ದು ನನಗೆ ಗೊತ್ತಾಗಿದೆ. ಅಂಗಳದಲ್ಲಿ ಬೇವಿನ ನೆರಳಿನ ಪಕ್ಕ ನನ್ನ ಮದುವೆಗೂ ಮುಂಚಿನಿಂದ ನೀವು ಕೂರುತ್ತಿದ್ದಿರಲ್ಲ, ಆ ಜಾಗವನ್ನು ನಿಮ್ಮನ್ನು ಕೇಳದೆ ನಾನೇ ಬಿಟ್ಟುಕೊಟ್ಟು ಬಂದಿದ್ದೇನೆ. ನಿನ್ನೆಯಿಂದ ಅಲ್ಲಿ ಬೇರೆಯವರು ಕೂರುತ್ತಿದ್ದಾರೆ. ಬಂದು ಬೈಯಿರಿ, ಬೇಕಾದರೆ ಎರಡೇಟು ಹಾಕಿ, ತಲೆ ತಗ್ಗಿಸಿ ನಿಲ್ಲುತ್ತೇನೆ. ಆದರೆ ನಿಮ್ಮ ಕೆಮ್ಮು ಕೇಳುತ್ತ ಗೋಡೆಯ ಈಚೆ ಮಲಗುವುದು ಇನ್ನು ನನ್ನಿಂದ ಆಗುವುದಿಲ್ಲ. ಎರಡನೇ ಬ್ಯಾಚು ಫೆಬ್ರವರಿ ಮೂರು, ಮಂಗಳವಾರ ಶುರು. ಮೊದಲ ಹೆಸರು ನಿಮ್ಮದು. ಬರೆಸಿದವಳು ನಾನಲ್ಲ, ಹೊನ್ನವ್ವ. ಬ್ಯಾಡಗಿಯಲ್ಲಿ ಈಗ ನಿಮಗೆ ಕೂರಲು ಇರುವುದು ಅದೊಂದೇ ಜಾಗ, ಲಗೂ ಬನ್ನಿ.